ಹಳೆಯ ಕಂಪ್ಯೂಟರ್ ಮನೆಯ ಮೀಡಿಯಾ ಸರ್ವರ್ ಆಗಬಲ್ಲದೇ? ಫಾರ್ವರ್ಡ್ ಹೇಳುವುದೇನು, ನಿಜ ಏನು?

"ನಿಮ್ಮ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ! ಐದೇ ನಿಮಿಷದಲ್ಲಿ ಅದನ್ನು ನಿಮ್ಮದೇ ಓಟಿಟಿ ಮಾಡಿಕೊಳ್ಳಿ. ಜೀವನಪೂರ್ತಿ ಎಲ್ಲ ಸಿನಿಮಾ ಉಚಿತ, ಕರೆಂಟಿನ ಖರ್ಚೂ ಇಲ್ಲ!" ಇಂಥ ಸಂದೇಶವೊಂದು ನಿಮ್ಮ ಮೊಬೈಲಿಗೂ ಬಂದಿರಬಹುದು. ಇದರಲ್ಲಿ ಒಂದು ನಿಜ ಇದೆ, ಮೂರು ಸುಳ್ಳುಗಳಿವೆ. ಹಳೆಯ ಕಂಪ್ಯೂಟರಿಗೆ ಮರುಬಳಕೆಯ ದಾರಿ ಇದೆ ಎನ್ನುವುದು ನಿಜ. ಐದು ನಿಮಿಷ, ಉಚಿತ ಸಿನಿಮಾ, ಖರ್ಚಿಲ್ಲದ ಕರೆಂಟು, ಈ ಮೂರೂ ಸುಳ್ಳು.

ಹಾಗೆಂದು ವಿಷಯವನ್ನೇ ತಳ್ಳಿಹಾಕುವಂತಿಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು, ಬಹುಮಟ್ಟಿಗೆ, ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರಾಸೆಸರನ್ನು. ಹೀಗಾಗಿ ಚೆನ್ನಾಗಿ ಓಡುತ್ತಿರುವ ಎಷ್ಟೋ ಕಂಪ್ಯೂಟರುಗಳು ಕಚೇರಿಗಳಿಂದ ಹೊರಬೀಳುತ್ತಿವೆ. ಇತ್ತ ನಮ್ಮ ಮನೆಗಳಲ್ಲಿ ಮದುವೆ, ಮುಂಜಿ, ಗೃಹಪ್ರವೇಶದ ಡಿವಿಡಿಗಳು ಬೀರುವಿನಲ್ಲಿ ಕುಳಿತಿವೆ. ಅವನ್ನು ಹಾಕಿ ನೋಡಲು ಪ್ಲೇಯರ್ ಇಲ್ಲ. ಮನೆಯಲ್ಲೇ ಬರೆಯುವಂಥ ಡಿವಿಡಿಯಲ್ಲಿ ಮಾಹಿತಿ ಉಳಿಯುವುದು ಒಂದು ಬಗೆಯ ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವಕ್ಕೆ ಆ ಪದರ ವರ್ಷಗಳು ಕಳೆದಂತೆ ಕೆಡುತ್ತದೆ. ಇನ್ನು ಫೋಟೋಗಳೆಲ್ಲ ಇರುವುದು ಮೊಬೈಲಿನಲ್ಲಿ. ಅದು ನೀರಿಗೆ ಬಿದ್ದರೆ ಅಲ್ಲಿಗೆ ಮುಗಿಯಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹವೂ 2021ರ ಜೂನ್ 1ಕ್ಕೆ ನಿಂತಿದೆ. ಈಗ ಜಿಮೇಲ್, ಡ್ರೈವ್ ಎಲ್ಲ ಸೇರಿ ಪುಕ್ಕಟೆ ಸಿಗುವುದು 15 ಜಿಬಿ ಮಾತ್ರ.

ಮೀಡಿಯಾ ಸರ್ವರಿನ ನಿಜವಾದ ಉಪಯೋಗ ಇರುವುದು ಇಲ್ಲಿ, ಪುಕ್ಕಟೆ ಸಿನಿಮಾದಲ್ಲಿ ಅಲ್ಲ.

ಏನಿದು ಮೀಡಿಯಾ ಸರ್ವರ್?

ಸರ್ವರ್ ಎಂದರೆ ಬಡಿಸುವವನು. ಹೋಟೆಲಿನ ಮಾಣಿ ಇದ್ದಹಾಗೆ. ನಿಮ್ಮ ವಿಡಿಯೊ, ಹಾಡು, ಫೋಟೋಗಳೆಲ್ಲ ಒಂದು ಕಂಪ್ಯೂಟರಿನಲ್ಲಿರುತ್ತವೆ. ಟಿವಿಯೋ ಮೊಬೈಲೋ "ಅಕ್ಕನ ಮದುವೆಯ ವಿಡಿಯೊ ಕೊಡು" ಎಂದು ಕೇಳಿದರೆ ಆ ಕಂಪ್ಯೂಟರು ಮನೆಯ ವೈಫೈ ಮೂಲಕ ಅದನ್ನು ಕಳಿಸುತ್ತದೆ. ಈ ಕೆಲಸಕ್ಕೆ ಬೇಕಾದ ತಂತ್ರಾಂಶಗಳಲ್ಲಿ ಮುಖ್ಯವಾದವು ಎರಡು: ಪ್ಲೆಕ್ಸ್ ಮತ್ತು ಜೆಲ್ಲಿಫಿನ್. ಜೆಲ್ಲಿಫಿನ್ ಪೂರ್ತಿ ಮುಕ್ತ ತಂತ್ರಾಂಶ. ಎಂಬಿ ಎನ್ನುವ ತಂತ್ರಾಂಶ ತನ್ನ ಮೂಲಸಂಕೇತವನ್ನು ಮುಚ್ಚಿಕೊಳ್ಳಲು ಹೊರಟಾಗ, 2018ರ ಡಿಸೆಂಬರ್‌ನಲ್ಲಿ ಸ್ವಯಂಸೇವಕರು ಅದರಿಂದ ಕವಲೊಡೆಸಿದ್ದು ಇದು. ಪ್ಲೆಕ್ಸ್ ಬಳಸಲು ಸುಲಭ, ಆದರೆ ಕೆಲವು ಸೌಲಭ್ಯಗಳಿಗೆ ಹಣ ಕೊಡಬೇಕು. 2025ರ ಏಪ್ರಿಲ್ ಕೊನೆಯಿಂದ ಮನೆಯ ಹೊರಗಿನಿಂದ ನಿಮ್ಮದೇ ವಿಡಿಯೊ ನೋಡುವುದಕ್ಕೂ ಶುಲ್ಕ ಬಂದಿದೆ. ಕಡಿಮೆ ಖರ್ಚಿನಲ್ಲಿ ಮಾಡಬೇಕು ಎನ್ನುವವರಿಗೆ ನನ್ನ ಸಲಹೆ ಜೆಲ್ಲಿಫಿನ್.

ಸಿನಿಮಾ ಮಾತ್ರ ಯಾವ ಸರ್ವರಿನ ಜೊತೆಗೂ ಬರುವುದಿಲ್ಲ. ಪಾತ್ರೆ ನಿಮ್ಮದು, ಅಡುಗೆಯನ್ನೂ ನೀವೇ ತರಬೇಕು. ಟೆಲಿಗ್ರಾಂನಲ್ಲೋ ಟೊರೆಂಟ್‌ನಲ್ಲೋ ಸಿಕ್ಕಿದ ಹೊಸ ಚಿತ್ರವನ್ನು ತಂದು ತುಂಬುವುದು ಕೃತಿಸ್ವಾಮ್ಯದ ಉಲ್ಲಂಘನೆ. ಚಿತ್ರಮಂದಿರದಲ್ಲಿ ನಕಲು ಮಾಡುವವರಿಗೆ, ಆ ನಕಲನ್ನು ಹಂಚುವವರಿಗೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯಿದೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ ಮೂರು ಲಕ್ಷ ರೂಪಾಯಿ ದಂಡ ಎನ್ನುತ್ತದೆ. ಫಾರ್ವರ್ಡ್ ಬರೆದವರು ಇದನ್ನು ಹೇಳುವುದಿಲ್ಲ.

"ಇಷ್ಟಕ್ಕೆಲ್ಲ ಭಾರೀ ಕಂಪ್ಯೂಟರೇ ಬೇಕು" – ಹೌದೇ?

ಇಲ್ಲ. ಒಳ್ಳೆಯ ಗುಣಮಟ್ಟದ ಫುಲ್ ಎಚ್‌ಡಿ ವಿಡಿಯೊ ಸೆಕೆಂಡಿಗೆ ಸುಮಾರು 8ರಿಂದ 10 ಮೆಗಾಬಿಟ್ ಬೇಡುತ್ತದೆ. ಹತ್ತು ವರ್ಷ ಹಳೆಯ ಹಾರ್ಡ್‌ಡಿಸ್ಕ್ ಕೂಡ ಸೆಕೆಂಡಿಗೆ ನೂರು ಮೆಗಾಬೈಟ್, ಅಂದರೆ 800 ಮೆಗಾಬಿಟ್, ಓದಬಲ್ಲದು. ಬರಿಯ ಬಡಿಸುವ ಕೆಲಸಕ್ಕೆ ಬೆವರುವ ಅಗತ್ಯವೇ ಇಲ್ಲ.

ಬೆವರುವುದು ಬೇರೆ ಸಂದರ್ಭದಲ್ಲಿ. ತಟ್ಟೆಯಲ್ಲಿ ಇಡ್ಲಿ ಸಿದ್ಧವಿದೆ, ಮಾಣಿ ತಂದಿಟ್ಟ, ಕೆಲಸ ಮುಗಿಯಿತು. ಆದರೆ ಗಿರಾಕಿ "ನನಗೆ ಹಲ್ಲಿಲ್ಲ, ಇದನ್ನೇ ಗಂಜಿ ಮಾಡಿ ಕೊಡು" ಎಂದರೆ? ಅಡುಗೆಮನೆಗೆ ಹೋಗಿ ಮಿಕ್ಸಿ ಹಾಕಲೇಬೇಕು. ವಿಡಿಯೊ ಲೋಕದಲ್ಲಿ ಇದಕ್ಕೆ ಟ್ರಾನ್ಸ್‌ಕೋಡಿಂಗ್ ಎಂದು ಹೆಸರು. ಐಫೋನುಗಳು 2017ರ ಈಚೆಗೆ ವಿಡಿಯೊವನ್ನು ಎಚ್‌ಇವಿಸಿ ಎಂಬ ರೂಪದಲ್ಲಿ ಉಳಿಸುತ್ತವೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಆ ಆಯ್ಕೆ ಇದೆ. ನಿಮ್ಮ ಹಳೆಯ ಟಿವಿಗೆ ಅದು ಅರ್ಥವಾಗದಿದ್ದರೆ ಸರ್ವರು ಅದನ್ನು ಆಗಿಂದಾಗಲೇ ಹಳೆಯ ಎಚ್.264 ರೂಪಕ್ಕೆ ಬದಲಿಸಿ ಕಳಿಸಬೇಕು. ಪ್ರಾಸೆಸರ್ ಒಂದೇ ಈ ಕೆಲಸ ಮಾಡಹೊರಟರೆ ಫ್ಯಾನು ಕಿರುಚುತ್ತದೆ, ವಿಡಿಯೊ ನಿಂತು ನಿಂತು ಬರುತ್ತದೆ.

ಇದಕ್ಕೊಂದು ಸುಲಭ ಪರಿಹಾರ ಹಳೆಯ ಪ್ರಾಸೆಸರಿನೊಳಗೇ ಇದೆ. ಇಂಟೆಲ್ 2011ರಿಂದ ತನ್ನ ಪ್ರಾಸೆಸರುಗಳಲ್ಲಿ ಕ್ವಿಕ್ ಸಿಂಕ್ ಎಂಬ ಪ್ರತ್ಯೇಕ ಭಾಗವನ್ನು ಇಡುತ್ತಾ ಬಂದಿದೆ. ವಿಡಿಯೊ ರೂಪ ಬದಲಿಸುವುದೇ ಅದರ ಕೆಲಸ. 2015ರ ಆರನೇ ತಲೆಮಾರಿನದು ಸಾಮಾನ್ಯ ಎಚ್‌ಇವಿಸಿಯನ್ನು ನಿಭಾಯಿಸುತ್ತದೆ. ಏಳನೆಯದು 10-ಬಿಟ್ ಎಚ್‌ಇವಿಸಿಯನ್ನೂ, ಅಂದರೆ ಎಚ್‌ಡಿಆರ್ ವಿಡಿಯೊಗಳಲ್ಲಿ ಬರುವಂಥದ್ದನ್ನೂ, ನಿಭಾಯಿಸುತ್ತದೆ. ಆದ್ದರಿಂದ ಹಳೆಯ ಯಂತ್ರ ಆರಿಸುವಾಗ ಐ3, ಐ5, ಐ7 ಎಂಬುದಕ್ಕಿಂತ ತಲೆಮಾರು ನೋಡಿ. ಐ5-6500 ಎಂದಿದ್ದರೆ ಆ 6 ಎನ್ನುವುದೇ ತಲೆಮಾರು. ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿದ್ದರೆ, ಉದಾಹರಣೆಗೆ ಐ3-9100ಎಫ್, ಅದರಲ್ಲಿ ಗ್ರಾಫಿಕ್ಸ್ ಭಾಗವೇ ಇಲ್ಲ. ಕ್ವಿಕ್ ಸಿಂಕ್ ಕೂಡ ಇಲ್ಲ.

ಯಾವುದನ್ನು ಮರುಬಳಸಬಹುದು, ಯಾವುದನ್ನು ಬಾರದು?

ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ತರಹದ ಕಚೇರಿ ಕಂಪ್ಯೂಟರುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಂಥವು ಸಾಲು ಸಾಲಾಗಿ ಸಿಗುತ್ತವೆ. ಅವುಗಳ ಪ್ರಾಸೆಸರ್, ಮದರ್‌ಬೋರ್ಡ್, ರ‍್ಯಾಮ್, ಕ್ಯಾಬಿನೆಟ್ ಎಲ್ಲವನ್ನೂ ಧೈರ್ಯವಾಗಿ ಮರುಬಳಸಬಹುದು. 4 ಜಿಬಿ ರ‍್ಯಾಮ್‌ನಲ್ಲೂ ಕೆಲಸ ನಡೆಯುತ್ತದೆ, 8 ಜಿಬಿ ಇದ್ದರೆ ನೆಮ್ಮದಿ. ಕೊಳ್ಳುವ ಮೊದಲು ಮುಚ್ಚಳ ತೆಗೆಸಿ ನೋಡಿ: ಅಂಗೈಯಗಲದ ಪುಟ್ಟ ಮಾದರಿಗಳಲ್ಲಿ ದೊಡ್ಡ ಹಾರ್ಡ್‌ಡಿಸ್ಕ್ ಕೂರುವುದಿಲ್ಲ; ಕಚೇರಿ ಮಾದರಿಗಳ ಎಸ್‌ಎಂಪಿಎಸ್ ಎಷ್ಟೋ ಸಲ ಆಯಾ ಕಂಪನಿಯದೇ ಅಳತೆಯದ್ದು, ಕೆಟ್ಟರೆ ಮಾರುಕಟ್ಟೆಯ ಸಾಮಾನ್ಯ ಎಸ್‌ಎಂಪಿಎಸ್ ಹೊಂದದು.

ಎಸ್‌ಎಂಪಿಎಸ್ ವಿಷಯದಲ್ಲಿ ಒಂದು ಖಡಾಖಂಡಿತ ಮಾತು. "ಬಿಚ್ಚಿ ಧೂಳು ಹೊಡೆದರೆ ಹೊಸದರಂತಾಗುತ್ತದೆ" ಎನ್ನುವ ವಿಡಿಯೊಗಳನ್ನು ನಂಬಬೇಡಿ. ನಮ್ಮ ಮನೆಯ 230 ವೋಲ್ಟ್ ಎಸಿ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರುಗಳಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಕ್ಯಾಬಿನೆಟ್ ಬಿಚ್ಚಿ, ಬ್ರಷ್ಷಿನಲ್ಲಿ ಧೂಳು ತೆಗೆಯಿರಿ. ಆ ಲೋಹದ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಸುಟ್ಟ ವಾಸನೆ ಬಂದರೆ ಬದಲಿಸಿ.

ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂಥ ಬ್ಯಾಟರಿಯೊಂದು ಇರುತ್ತದೆ, ಸಿಆರ್2032. ಹತ್ತು ವರ್ಷ ಹಳೆಯ ಯಂತ್ರದಲ್ಲಿ ಅದು ಸತ್ತಿರುವುದೇ ಹೆಚ್ಚು. ಆಗ ಕರೆಂಟು ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತದೆ, ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ, ಜನ ವೈರಸ್ ಬಂತು ಎಂದುಕೊಳ್ಳುತ್ತಾರೆ. ಕಿರಾಣಿ ಅಂಗಡಿಯಲ್ಲೂ ಸಿಗುವ ಆ ಬ್ಯಾಟರಿ ಬದಲಿಸಿದರೆ ಸರಿಹೋಗುತ್ತದೆ.

ಮರುಬಳಸಬಾರದ ಮುಖ್ಯ ವಸ್ತು ಹಾರ್ಡ್‌ಡಿಸ್ಕ್. ಕನಿಷ್ಠ, ನೆನಪುಗಳನ್ನು ಇಡುವ ಡಿಸ್ಕ್ ಆಗಿ ಬೇಡ. ಒಳಗೆ ತಿರುಗುವ ತಟ್ಟೆ, ಅದರ ಮೇಲೆ ಕೂದಲಿಗಿಂತ ತೀರಾ ಕಡಿಮೆ ಅಂತರದಲ್ಲಿ ತೇಲುವ ತಲೆ. ಸವೆಯುವ ಯಂತ್ರ ಅದು. ಪ್ರತಿ ಡಿಸ್ಕ್ ತನ್ನ ಆರೋಗ್ಯದ ದಾಖಲೆಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಓದಬಹುದು. ಓಡಿದ ಗಂಟೆಗಳ ಲೆಕ್ಕ ನೋಡಿ: ಒಂದು ವರ್ಷಕ್ಕೆ 8,760 ಗಂಟೆ. ಕೆಟ್ಟಿದ್ದಕ್ಕೆ ಬದಲಿಯಾಗಿ ಕೊಟ್ಟ ಜಾಗಗಳ ಸಂಖ್ಯೆ, ಓದಲಾಗದೆ ಬಾಕಿ ಉಳಿದ ಜಾಗಗಳ ಸಂಖ್ಯೆ, ಈ ಎರಡೂ ಸೊನ್ನೆಯಿರಬೇಕು. ಏರುತ್ತಿದ್ದರೆ ಆ ಡಿಸ್ಕ್ ಹೊರಟಿದೆ ಎಂದೇ ಅರ್ಥ. ನಾನೊಮ್ಮೆ "ಆರು ತಿಂಗಳು ಓಡಿದ್ದು ಅಷ್ಟೇ ಸಾರ್" ಎಂಬ ಮಾತು ನಂಬಿ ತಂದ ಡಿಸ್ಕ್ ನಲವತ್ತು ಸಾವಿರ ಗಂಟೆ ದಾಟಿತ್ತು.

ಆ ಲೆಕ್ಕವನ್ನೂ ತಿದ್ದಬಹುದು ಎನ್ನುವುದು ಬೇಸರದ ಸಂಗತಿ. 2025ರ ಆರಂಭದಲ್ಲಿ ಜರ್ಮನಿಯ ಹೈಸ ಸುದ್ದಿಸಂಸ್ಥೆ, ಸಾವಿರಾರು ಗಂಟೆ ಓಡಿದ ಸೀಗೇಟ್ ಡಿಸ್ಕುಗಳನ್ನು ಯಾರೋ ಗಂಟೆಯ ಲೆಕ್ಕ ಅಳಿಸಿ ಹೊಸದೆಂದು ಮಾರುಕಟ್ಟೆಗೆ ಬಿಟ್ಟಿದ್ದನ್ನು ಬಯಲಿಗೆಳೆಯಿತು. ಡಿಸ್ಕಿನೊಳಗಿದ್ದ ಇನ್ನೊಂದು ದಾಖಲೆಯನ್ನು ಅಳಿಸಲು ಅವರು ಮರೆತಿದ್ದರು. ಆದ್ದರಿಂದ ಉಳಿಸಿದ ಹಣವನ್ನೆಲ್ಲ ಒಂದು ಹೊಸ ಡಿಸ್ಕಿಗೆ, ಬಿಲ್ಲು ಮತ್ತು ವಾರಂಟಿಯ ಸಮೇತ, ಖರ್ಚು ಮಾಡಿ.

1 ಟಿಬಿ ತಂದರೆ 931 ಜಿಬಿ ತೋರಿಸುತ್ತದೆ, ಅಂಗಡಿಯವನು ಮೋಸ ಮಾಡಿದನೇ? ಇಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ. ಕಿಲೋಮೀಟರ್ ಮತ್ತು ಮೈಲಿಯ ವ್ಯತ್ಯಾಸದಂತೆ, ಅಷ್ಟೇ.

ಕರೆಂಟಿನ ಲೆಕ್ಕ

ಇಲ್ಲಿ ಎರಡು ತಪ್ಪು ಕಲ್ಪನೆಗಳಿವೆ, ಒಂದಕ್ಕೊಂದು ತದ್ವಿರುದ್ಧ. ಖರ್ಚೇ ಇಲ್ಲ ಎನ್ನುವುದು ಒಂದು. ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಬರೆದಿದೆ, ಹಾಗಾಗಿ ಸದಾ 450 ವ್ಯಾಟ್ ಎಳೆಯುತ್ತದೆ ಎನ್ನುವುದು ಇನ್ನೊಂದು. ಆ ಸಂಖ್ಯೆ ಅದರ ಗರಿಷ್ಠ ಸಾಮರ್ಥ್ಯ. ದೊಡ್ಡ ಟ್ಯಾಂಕಿನ ನಲ್ಲಿಯನ್ನು ಸ್ವಲ್ಪವೇ ತಿರುಗಿಸಿದರೆ ಸ್ವಲ್ಪವೇ ನೀರು ಬರುವುದಲ್ಲವೆ?

ಆರನೇ ತಲೆಮಾರಿನ ಕಚೇರಿ ಕಂಪ್ಯೂಟರು ಸುಮ್ಮನೆ ಕೂತಿರುವಾಗ 20 ವ್ಯಾಟಿನ ಆಸುಪಾಸು ಬಳಸುತ್ತದೆ. ದಿನಪೂರ್ತಿ ಓಡಿದರೆ ತಿಂಗಳಿಗೆ 14.4 ಯೂನಿಟ್. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿರುವ, ಹದಿನೈದು ವರ್ಷ ಹಿಂದಿನ ಕೋರ್ 2 ಡ್ಯುಯೊ ಯಂತ್ರ 70 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 50 ಯೂನಿಟ್ ಮೀರುತ್ತದೆ. ಯೂನಿಟ್‌ಗೆ ಆರೂವರೆ ರೂಪಾಯಿಯ ಲೆಕ್ಕ ಹಿಡಿದರೆ ಮೊದಲನೆಯದಕ್ಕೆ ತಿಂಗಳಿಗೆ ಸುಮಾರು 94 ರೂಪಾಯಿ, ಎರಡನೆಯದಕ್ಕೆ ಸುಮಾರು 328. ವರ್ಷಕ್ಕೆ 2,800 ರೂಪಾಯಿಯ ವ್ಯತ್ಯಾಸ! ಪುಕ್ಕಟೆ ಸಿಕ್ಕಿದ ತೀರಾ ಹಳೆಯ ಯಂತ್ರವೇ ದುಡ್ಡು ಕೊಟ್ಟು ತಂದದ್ದಕ್ಕಿಂತ ತುಟ್ಟಿಯಾಗುವುದು ಹೀಗೆ.

ಕರ್ನಾಟಕದಲ್ಲಿರುವವರು ಇನ್ನೊಂದನ್ನು ಗಮನಿಸಬೇಕು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂಬ ಭಾವನೆ ಇದೆ. ಯೋಜನೆಯ ಲೆಕ್ಕ ಹಾಗಿಲ್ಲ. 2022–23ರಲ್ಲಿ ನಿಮ್ಮ ಮನೆಯ ಮಾಸಿಕ ಸರಾಸರಿ 100 ಯೂನಿಟ್ ಇದ್ದರೆ, ಅದಕ್ಕೆ ಶೇ. 10 ಸೇರಿಸಿ 110 ಯೂನಿಟ್ ಉಚಿತ. ಸರ್ವರಿನ 14 ಯೂನಿಟ್ ಸೇರಿ ಅದನ್ನು ದಾಟಿದರೆ ಹೆಚ್ಚುವರಿಗೆ ಬಿಲ್ಲು ಬರುತ್ತದೆ. ಒಟ್ಟು ಬಳಕೆ 200 ದಾಟಿದರಂತೂ ಪೂರ್ತಿ ಬಿಲ್ಲು ನಿಮ್ಮದೇ. ರಾತ್ರಿ ಹತ್ತಕ್ಕೆ ಆರಿಸಿ ಸಂಜೆ ಹಚ್ಚಿದರೂ ಆಗುತ್ತದೆ. ಮನೆಯ ಸರ್ವರು ಇಪ್ಪತ್ನಾಲ್ಕು ಗಂಟೆ ಎದ್ದಿರಬೇಕೆಂಬ ನಿಯಮವೇನೂ ಇಲ್ಲ.

ಸ್ಕ್ರೀನ್ ಒಡೆದ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. 10–15 ವ್ಯಾಟಿನಲ್ಲಿ ಮುಗಿಯುತ್ತದೆ, ಅದರ ಬ್ಯಾಟರಿಯೇ ಯುಪಿಎಸ್. ಕರೆಂಟು ತಟ್ಟನೆ ಹೋದಾಗ ಡಿಸ್ಕಿನ ಮೇಲೆ ಬರೆಯುತ್ತಿದ್ದುದು ಅರ್ಧಕ್ಕೆ ನಿಂತು ಕೆಡುವ ಭಯ ಇರುವುದಿಲ್ಲ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಅದನ್ನು ತೆಗೆಸಿಯೇ ಬಳಸಿ, ಚುಚ್ಚಲು ಒತ್ತಲು ಹೋಗಬೇಡಿ.

ಹೊಂದಿಸುವುದು ಹೇಗೆ?

ಒಂದು ಭಾನುವಾರ ಬೇಕು. ಉಬುಂಟು ಅಥವಾ ಡೆಬಿಯನ್ ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿ ಯಂತ್ರದಲ್ಲಿ ಸ್ಥಾಪಿಸಿ. ಸಣ್ಣ ಎಸ್‌ಎಸ್‌ಡಿ ಇದ್ದರೆ ಅದರಲ್ಲಿ ಕಾರ್ಯಾಚರಣ ವ್ಯವಸ್ಥೆ, ದೊಡ್ಡ ಡಿಸ್ಕಿನಲ್ಲಿ ವಿಡಿಯೊಗಳು. ಜೆಲ್ಲಿಫಿನ್ ಸ್ಥಾಪಿಸಿದ ಮೇಲೆ, ಮನೆಯ ಇನ್ನಾವುದೇ ಫೋನಿನ ಬ್ರೌಸರಿನಲ್ಲಿ ಆ ಯಂತ್ರದ ವಿಳಾಸ ಮತ್ತು 8096 ಎಂಬ ಪೋರ್ಟ್ ಸಂಖ್ಯೆ ಕೊಟ್ಟರೆ (192.168.1.10:8096 ಎನ್ನುವ ರೀತಿ) ಮುಂದಿನದನ್ನು ಅದೇ ಕೇಳುತ್ತಾ ಹೋಗುತ್ತದೆ. ಮನೆಯ ವಿಡಿಯೊಗಳಿಗೆ ಸಿನಿಮಾ ವಿಭಾಗ ಆರಿಸಬೇಡಿ. ಆರಿಸಿದರೆ ನಿಮ್ಮ ಸೋದರಮಾವನ ಮದುವೆಗೆ ಅದು ಅಂತರಜಾಲದಿಂದ ಯಾವುದೋ ಚಿತ್ರದ ಪೋಸ್ಟರ್ ತಂದು ಅಂಟಿಸುತ್ತದೆ. ಅದಕ್ಕೆಂದೇ ಮನೆಯ ವಿಡಿಯೊ ಮತ್ತು ಫೋಟೋಗಳ ವಿಭಾಗ ಇದೆ. ಫೈಲುಗಳಿಗೆ ಕನ್ನಡದಲ್ಲೇ ಹೆಸರಿಡಬಹುದು.

ಮದುವೆಯ ಡಿವಿಡಿಗಳಿಗೆ ಸಾಮಾನ್ಯವಾಗಿ ಬೀಗ ಇರುವುದಿಲ್ಲ. ಮೇಕ್‌ಎಂಕೆವಿ ತಂತ್ರಾಂಶ ಅದನ್ನು ಇದ್ದಹಾಗೆಯೇ ಫೈಲ್ ಮಾಡಿಕೊಡುತ್ತದೆ, ಹ್ಯಾಂಡ್‌ಬ್ರೇಕ್ ಗಾತ್ರ ಕುಗ್ಗಿಸಿ ಕೊಡುತ್ತದೆ. ಸಾಮಾನ್ಯ ಡಿವಿಡಿ ಒಂದು ಹೆಚ್ಚೆಂದರೆ 4.7 ಜಿಬಿ, ಅಂಥ ಹತ್ತು ಡಿವಿಡಿ ಸೇರಿದರೂ 50 ಜಿಬಿ ಆಗದು. ಹಾಗಾಗಿ ಕುಗ್ಗಿಸುವ ಗೋಜಿಗೆ ಹೋಗದೆ ಮೂಲವನ್ನೇ ಇಡಿ ಎನ್ನುತ್ತೇನೆ. ಅದೇ ಕಾರಣಕ್ಕೆ ನೆಂಟರ ಬಳಿ ಇರುವ ವಿಡಿಯೊವನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಸಂಗ್ರಹಿಸಬೇಡಿ. ಮಾಮೂಲಿಯಾಗಿ ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿಯೇ ಕಳಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ, ಇಲ್ಲವೇ ಪೆನ್‌ಡ್ರೈವ್ ಒಯ್ಯಿರಿ.

ಸರ್ವರನ್ನು ರೂಟರಿಗೆ ಕೇಬಲ್ಲಿನಲ್ಲೇ ಜೋಡಿಸಿ. ಮನೆಯೊಳಗೆ ನೋಡುವಾಗ ನಿಮ್ಮ ಇಂಟರ್‌ನೆಟ್ ಪ್ಯಾಕಿನ ಡೇಟಾ ಒಂದು ಹನಿಯೂ ಖರ್ಚಾಗುವುದಿಲ್ಲ, ಏಕೆಂದರೆ ವಿಡಿಯೊ ಮನೆಯ ಹೊರಗೆ ಹೋಗುವುದೇ ಇಲ್ಲ. ಬ್ರಾಡ್‌ಬ್ಯಾಂಡ್ ಕೈಕೊಟ್ಟ ದಿನವೂ ರೂಟರ್ ಉರಿಯುತ್ತಿದ್ದರೆ ಅಜ್ಜಿಯ ಹಾಡು ಟಿವಿಯಲ್ಲಿ ಬರುತ್ತದೆ.

ಹೊರಗಿನಿಂದಲೂ ನೋಡಬೇಕೆ? ಇಲ್ಲಿ ಜೋಪಾನ

ಅಮೆರಿಕದಲ್ಲಿರುವ ಮಗಳು ಊರಿನ ವಿಡಿಯೊ ನೋಡಲಿ ಎಂಬ ಆಸೆ ಸಹಜ. ಅದಕ್ಕೆ ಯೂಟ್ಯೂಬ್‌ನ ಹಲವರು ಹೇಳಿಕೊಡುವ ದಾರಿ, ರೂಟರಿನಲ್ಲಿ ಪೋರ್ಟ್ ತೆರೆಯುವುದು. ಬೀದಿ ಬಾಗಿಲು ತೆರೆದಿಟ್ಟಂತೆ ಅದು.

2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಕುತಂತ್ರಾಂಶ ಹೀಗೆ ಅಂತರಜಾಲಕ್ಕೆ ತೆರೆದುಕೊಂಡಿದ್ದ ಸಾವಿರಾರು ಕ್ಯೂನ್ಯಾಪ್ ಸಂಗ್ರಹ ಪೆಟ್ಟಿಗೆಗಳಿಗೆ ನುಗ್ಗಿ, ಫೈಲುಗಳಿಗೆ ಬೀಗ ಹಾಕಿ, ಬಿಟ್‌ಕಾಯಿನ್‌ನಲ್ಲಿ ಹಣ ಕೇಳಿತು. ಅದೇ ವರ್ಷ ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ರಕ್ಷಕ ಕಂಪನಿಯೂ ಕಳ್ಳತನಕ್ಕೆ ಸಿಲುಕಿತು. ಕಳ್ಳರು ಒಳಹೊಕ್ಕದ್ದು ಅದರ ಹಿರಿಯ ಎಂಜಿನಿಯರ್ ಒಬ್ಬರ ಮನೆಯ ಕಂಪ್ಯೂಟರಿನ ಮೀಡಿಯಾ ತಂತ್ರಾಂಶದ ದೋಷದಿಂದ. ಅದು ಪ್ಲೆಕ್ಸ್ ಎಂದು ಆಮೇಲೆ ತಿಳಿಯಿತು. ಆ ದೋಷವನ್ನು ಪ್ಲೆಕ್ಸ್ 2020ರಲ್ಲೇ ಸರಿಪಡಿಸಿತ್ತು. ಆ ಯಂತ್ರದಲ್ಲಿ ಮಾತ್ರ ಹಳೆಯ ಆವೃತ್ತಿಯೇ ಉಳಿದಿತ್ತು. ಪರಿಣತರ ಮನೆಯಲ್ಲೇ ಹೀಗಾದರೆ ನಾವು ಇನ್ನೂ ಎಚ್ಚರದಿಂದಿರಬೇಕು: ತಂತ್ರಾಂಶಗಳನ್ನು ಆಗಾಗ ಅಪ್‌ಡೇಟ್ ಮಾಡಿ, ಪೋರ್ಟ್ ತೆರೆಯಬೇಡಿ. ಹೊರಗಿನಿಂದ ನೋಡಲೇಬೇಕಿದ್ದರೆ ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲ ಬಳಸಿ. ನೀವು ಒಪ್ಪಿದ ಸಾಧನಗಳು ಮಾತ್ರ ಅದರೊಳಗೆ ಬರುತ್ತವೆ.

ಸರ್ವರಿನಲ್ಲಿ ಇಟ್ಟರೆ ಎಲ್ಲ ಭದ್ರವೇ?

ಇಲ್ಲ. ಅತಿ ದುಬಾರಿಯಾಗುವ ತಪ್ಪು ಕಲ್ಪನೆ ಇದು. ಎರಡು ಡಿಸ್ಕ್ ಹಾಕಿ ಒಂದರ ಪ್ರತಿ ಇನ್ನೊಂದರಲ್ಲಿ ತಾನಾಗಿಯೇ ಇರುವಂತೆ ಮಾಡುವ ರೇಡ್ ವ್ಯವಸ್ಥೆ ಒಂದು ಡಿಸ್ಕ್ ಕೆಟ್ಟಾಗ ಕಾಪಾಡುತ್ತದೆ, ನಿಜ. ಆದರೆ ಮಗು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಸಿಡಿಲು ಹೊಡೆದರೆ ಎರಡೂ ಹೋಗುತ್ತವೆ. ಮುಖ್ಯವಾದ ಫೋಟೋ, ವಿಡಿಯೊಗಳ ಇನ್ನೊಂದು ಪ್ರತಿ ಪ್ಲಗ್ಗಿನಿಂದ ಕಿತ್ತಿಟ್ಟ ಡಿಸ್ಕಿನಲ್ಲಿರಲಿ. ಮೂರನೆಯದು ತಮ್ಮನ ಮನೆಯಲ್ಲೋ ಊರಿನ ಮನೆಯಲ್ಲೋ ಇರಲಿ. ವರ್ಷಕ್ಕೆರಡು ಸಲ, ಹಬ್ಬಕ್ಕೆ ಹೋದಾಗ, ಅದನ್ನು ತಂದು ಹೊಸದನ್ನು ಸೇರಿಸಿ, ನಾಲ್ಕಾರು ಫೈಲ್ ತೆರೆದು ನೋಡಿ. ತೆರೆದು ನೋಡದ ಪ್ರತಿಯನ್ನು ಪ್ರತಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನು ಹಳೆಯ ಯಂತ್ರದಿಂದ ತೆಗೆದ ಡಿಸ್ಕ್. ಅದನ್ನು ಹಾಗೇ ಗುಜರಿಯವರಿಗೆ ಕೊಡಬೇಡಿ. ಡಿಲೀಟ್ ಮಾಡಿ ರಿಸೈಕಲ್ ಬಿನ್ ಖಾಲಿ ಮಾಡಿದರೆ ಅಳಿಯುವುದು ಪುಸ್ತಕದ ಪರಿವಿಡಿ ಮಾತ್ರ. ಪುಟಗಳು ಹಾಗೇ ಇರುತ್ತವೆ. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಮನೆಮಂದಿಯ ಫೋಟೋಗಳನ್ನು ಉಚಿತ ತಂತ್ರಾಂಶದಿಂದಲೇ ಮರಳಿ ಪಡೆಯಬಹುದು. ಫ್ರಿಜ್ಜಿನ ಅಯಸ್ಕಾಂತ ಉಜ್ಜಿದರೆ ಎಲ್ಲ ಅಳಿಯುತ್ತದೆ ಎನ್ನುವುದೂ ಸುಳ್ಳು, ಡಿಸ್ಕಿನೊಳಗೇ ಅದಕ್ಕಿಂತ ಎಷ್ಟೋ ಬಲವಾದ ಅಯಸ್ಕಾಂತಗಳಿವೆ. ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡುವಾಗ ಕ್ವಿಕ್ ಫಾರ್ಮ್ಯಾಟ್ ಎಂಬಲ್ಲಿರುವ ಗುರುತನ್ನು ತೆಗೆದುಹಾಕಿ ಪೂರ್ತಿ ಫಾರ್ಮ್ಯಾಟ್ ಮಾಡಿ. ಆಗ ಡಿಸ್ಕಿನ ಆ ಭಾಗದ ಉದ್ದಕ್ಕೂ ಸೊನ್ನೆ ಬರೆಯುತ್ತದೆ. ಡಿಸ್ಕಿನಲ್ಲಿ ಸಿ, ಡಿ, ಇ ಎಂದು ಭಾಗಗಳಿದ್ದರೆ, ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಪ್ರತಿಯೊಂದಕ್ಕೂ ಹೀಗೆ ಮಾಡಬೇಕು. 1 ಟಿಬಿಗೆ ಕೆಲವು ಗಂಟೆ ಹಿಡಿಯುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಗ್ಗೆ ಮುಗಿದಿರುತ್ತದೆ.